ಕೂಡಲು ಒಂದು ಕಟ್ಟೆ ಬೇಕು: ಅವಳಿ ನಗರದ ವಾರ್ಡ್ ಸದಸ್ಯರಿಗೆ, ಮನೆಮಕ್ಕಳಿಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡದ 82 ವಾರ್ಡುಗಳ ಸದಸ್ಯರಿಗೆ, ಅಧಿಕಾರಿಗಳಿಗೆ, ವಯಸ್ಸಾದ ಅಪ್ಪ-ಅವ್ವ ಇರುವ ಮನೆಗಳ ಮಕ್ಕಳಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯವಳು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಕಲಿಸಿ ನಿವೃತ್ತಿಯಾದೆ. ನನಗೀಗ 68. ನಮ್ಮ ಮನೆಯವರಿಗೆ 74. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಒಂದು ಕಟ್ಟೆಯ ವಿಷಯ ನಿಮ್ಮ ಮುಂದೆ ಇಡಬೇಕಾಗಿದೆ. ಕಟ್ಟೆ ಎಂದ ಕೂಡಲೇ ಸಣ್ಣ ವಿಷಯ ಅಂದುಕೊಳ್ಳಬೇಡಿ, ಪೂರ್ತಿ ಓದಿ.

ನಮ್ಮ ಓಣಿಯ ತುದಿಯಲ್ಲಿ ಒಂದು ಬೇವಿನ ಮರ ಇತ್ತು. ಸುತ್ತಲೂ ಕಲ್ಲಿನ ಕಟ್ಟೆ. ಬೆಳಿಗ್ಗೆ ನಾಷ್ಟಾ ಮುಗಿಸಿ ಹತ್ತೂವರೆಗೆ ಒಬ್ಬೊಬ್ಬರೇ ಬಂದು ಕೂಡುತ್ತಿದ್ದರು. ವರ್ಕ್‌ಶಾಪಿನವರು ಮೂವರು, ಒಬ್ಬರು ಟೇಲರ್, ಒಬ್ಬರು ಬಸ್ಸಿನ ಡ್ರೈವರ್ ಆಗಿದ್ದವರು, ಒಬ್ಬರು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದವರು. ಒಟ್ಟು ಏಳೆಂಟು ಜನ. ಎಲ್ಲರಿಗೂ ಸೇರಿ ಒಂದೇ ಪೇಪರು. ಅದು ಎಂಟು ಕೈ ದಾಟಿ ಬರುವಷ್ಟರಲ್ಲಿ ಮಡಿಕೆಯ ಹತ್ತಿರ ಹರಿದಿರುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ರೇಟು, ಪಿಂಚಣಿಯ ಡಿಎ, ಕ್ರಿಕೆಟ್, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಮಳೆ ಯಾಕೆ ಹಿಂದೆ ಸರಿಯಿತು. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಏಳುವುದು, ಸಂಜೆ ಐದಕ್ಕೆ ಮತ್ತೆ ಬರುವುದು. ಯಾರಾದರೂ ಒಂದು ದಿನ ತಪ್ಪಿಸಿದರೆ ಮರುದಿನ ಪ್ರಶ್ನೆ ಕಾದಿರುತ್ತಿತ್ತು: "ಯಾಕ್ರೀ, ನಿನ್ನೆ ಕಾಣಲಿಲ್ಲಲ್ಲ? ಆರಾಮ ಇದ್ದೀರಿಲ್ಲೋ?"

ಆ ಪ್ರಶ್ನೆಯ ಬೆಲೆ ನನಗೆ ಆಗ ತಿಳಿಯಲಿಲ್ಲ. "ಕಟ್ಟಿ ಮ್ಯಾಲೆ ಕುಂತು ಏನ್ ಮಾಡ್ತೀರಿ? ಸುಮ್ನೆ ಹೊತ್ತು ಹಾಳು" ಎಂದು ಎಷ್ಟೋ ಸಲ ಅಂದಿದ್ದೇನೆ. ಅದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ನಾಲ್ಕು ವರ್ಷದ ಹಿಂದೆ ರಸ್ತೆ ಅಗಲವಾಯಿತು. ಮರ ಹೋಯಿತು, ಕಟ್ಟೆ ಹೋಯಿತು. ರಸ್ತೆ ಬೇಕಾಗಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಯಾರ ತಪ್ಪು ಎಂದು ಹುಡುಕಲೂ ಈ ಪತ್ರ ಬರೆಯುತ್ತಿಲ್ಲ. ಆಮೇಲೆ ಏನಾಯಿತು ಎಂಬುದು ಮಾತ್ರ ನಿಮಗೆ ಗೊತ್ತಾಗಬೇಕು.

ಮೊದಲು ಕೆಲವು ದಿನ ಚಹಾ ಅಂಗಡಿಯ ಮುಂದೆ ನಿಂತು ಮಾತಾಡಿದರು. ಎಪ್ಪತ್ತರ ಮೊಣಕಾಲು ಎಷ್ಟು ಹೊತ್ತು ನಿಲ್ಲಬಲ್ಲದು? ಒಬ್ಬೊಬ್ಬರೇ ಬರುವುದು ಕಡಿಮೆಯಾಯಿತು. ನಮ್ಮ ಮನೆಯವರು ಟಿವಿ ಮುಂದೆ ಕೂತರು. ಆರು ತಿಂಗಳಲ್ಲಿ ಮನುಷ್ಯ ಬೇರೆಯೇ ಆದರು. ದಿನಾ ದಾಡಿ ಮಾಡಿಕೊಳ್ಳುತ್ತಿದ್ದವರು ವಾರಕ್ಕೊಮ್ಮೆ ಮಾಡಿಕೊಳ್ಳತೊಡಗಿದರು. ಹಗಲು ನಿದ್ದೆ, ರಾತ್ರಿ ಎಚ್ಚರ. ಬಿಪಿ ಗುಳಿಗೆ ತಗೊಂಡೆನೋ ಇಲ್ಲವೋ ಎಂದು ನನ್ನನ್ನೇ ಕೇಳುವುದು. ನಾನು ಒಂದು ಕೇಳಿದರೆ ಅವರು ಇನ್ನೊಂದು ಹೇಳುವುದು. ಬೀಗರ ಹೆಸರು ಮರೆತರು. ಅರಳು-ಮರಳು ಶುರುವಾಯಿತು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟೆವು. ಪುಣೆಯಲ್ಲಿರುವ ಮಗ ಫೋನಿನಲ್ಲಿ ಹೇಳುತ್ತಿದ್ದ: "ಅಪ್ಪಾ, ಇನ್ನ ಹೊರಗೆಲ್ಲೂ ಹೋಗಬ್ಯಾಡ್ರಿ. ಆರಾಮ ಮನಿಯಾಗ ಇರ್ರಿ." ಪ್ರೀತಿಯಿಂದಲೇ ಹೇಳಿದ. ನಾವೂ ಹಾಗೇ ಮಾಡಿದೆವು.

ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಎರಡು ಪ್ರಶ್ನೆ ಕೇಳಿದರು. ದಿನಕ್ಕೆ ಎಷ್ಟು ಜನರ ಜೊತೆ ಮಾತಾಡುತ್ತೀರಿ? ಕಿವಿ ಪರೀಕ್ಷೆ ಮಾಡಿಸಿದ್ದೀರಾ?

ಕಿವಿ! ಯಾರಿಗೂ ಹೊಳೆದಿರಲಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ವರ್ಕ್‌ಶಾಪಿನ ಸುತ್ತಿಗೆಯ ಸದ್ದಿನ ನಡುವೆ ಇದ್ದವರು. ಎರಡೂ ಕಿವಿ ಮಂದವಾಗಿದ್ದವು. ಕಟ್ಟೆ ಇದ್ದಾಗ ಇದು ಗೊತ್ತಾಗಲೇ ಇಲ್ಲ, ಯಾಕೆಂದರೆ ಅಲ್ಲಿ ಗೆಳೆಯರು ಪಕ್ಕಕ್ಕೆ ಒತ್ತಿ ಕೂಡುತ್ತಿದ್ದರು, ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು, ಮುಖ ನೋಡಿಯೇ ಅರ್ಧ ಮಾತು ತಿಳಿಯುತ್ತಿತ್ತು. ಮನೆಯಲ್ಲಿ ನಾನು ಅಡುಗೆಮನೆಯಿಂದ ಕೂಗುವುದು ಅವರಿಗೆ ಕೇಳುತ್ತಿರಲಿಲ್ಲ. ಕೇಳದ ಮಾತಿಗೆ ಏನೋ ಒಂದು ಉತ್ತರ ಕೊಡುತ್ತಿದ್ದರು. ಅದನ್ನೇ ನಾವು ಮರೆವು ಎಂದುಕೊಂಡೆವು.

ಕಿವಿಗೆ ಮಷೀನು ಹಾಕಿಸಿದೆವು. ಮೊದಲ ಹದಿನೈದು ದಿನ ಪಾತ್ರೆಯ ಸದ್ದು ತಲೆ ತಿನ್ನುತ್ತದೆ ಎಂದು ತೆಗೆದಿಡುತ್ತಿದ್ದರು. ಆಮೇಲೆ ರೂಢಿಯಾಯಿತು. ಆದರೆ ಮಷೀನು ಹಾಕಿಕೊಂಡು ಕೇಳುವುದು ಯಾರ ಮಾತನ್ನು? ನಾನೇ ಆಟೋ ಹಿಡಿದು ಅವರನ್ನು ಹಳೆಯ ಗೆಳೆಯರೊಬ್ಬರ ಮನೆಗೆ ಕರೆದುಕೊಂಡು ಹೋದೆ. ಈಗ ಆ ಮನೆಯ ಕಂಪೌಂಡಿನಲ್ಲಿ ಕಟ್ಟೆಯ ನಾಲ್ವರು ಮತ್ತೆ ಕೂಡುತ್ತಾರೆ. ಗುಳಿಗೆ ಮರೆಯುವುದು ನಿಂತಿದೆ. ದಾಡಿ ದಿನಾ ಆಗುತ್ತದೆ. ಬೀಗರ ಹೆಸರೂ ವಾಪಸ್ ಬಂದಿದೆ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಏಳು ಮಂದಿಗಿಂತ ಸ್ವಲ್ಪ ಜಾಸ್ತಿ ಜನರಿಗೆ ನಿಜವಾದ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಬಂದ ಅಂದಾಜು ಹೇಳುತ್ತದೆ. ಅದನ್ನು ಡಾಕ್ಟರೇ ನೋಡಬೇಕು. ಆದರೆ ಒಬ್ಬರೇ ಕೂತು ಮಂಕಾದವರನ್ನು, ಕಿವಿ ಕೇಳದವರನ್ನು ಸುಮ್ನೆ ಅರಳು-ಮರಳು ಎಂದು ಮೂಲೆಗೆ ಕೂರಿಸಬೇಡಿ. ನಾವು ಒಂದೂವರೆ ವರ್ಷ ಆ ತಪ್ಪು ಮಾಡಿದೆವು.

ಇದಾದ ಮೇಲೆ ನಾನು ಈ ವಿಷಯ ಹುಡುಕಿ ಹುಡುಕಿ ಓದಿದೆ. ಮೇಷ್ಟರಾದವರಿಗೆ ಆ ಚಟ ಬಿಡುವುದಿಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ. ಜನಬಳಕೆ ಚೆನ್ನಾಗಿದ್ದವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ 50 ಪ್ರತಿಶತ ಜಾಸ್ತಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಒಂದು ವರದಿ ಕೊಟ್ಟಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ, ಅದರ ನಂಟಿರುವ ಸಾವು ವರ್ಷಕ್ಕೆ 8,71,000 ಎಂದು ಅದು ಹೇಳಿತು. ಗಂಟೆಗೆ ಸುಮಾರು 100 ಜನ. ಆ ವರದಿ ತಂದ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಡಾ. ವಿವೇಕ್ ಮೂರ್ತಿ. ಅವರ ಹಿರಿಯರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯವರು.

ನನಗೆ ಹೆಚ್ಚು ಹಿಡಿಸಿದ್ದು ಶಿಕಾಗೋದ ರಶ್ ವಿಶ್ವವಿದ್ಯಾಲಯದವರ ಅಧ್ಯಯನ. ಸರಾಸರಿ 80 ವರ್ಷದ 1,923 ಜನರನ್ನು ಅವರು ವರ್ಷಗಟ್ಟಲೆ ನೋಡುತ್ತ ಬಂದರು. ಶುರುವಿನಲ್ಲಿ ಯಾರಿಗೂ ಡಿಮೆನ್ಶಿಯಾ ಇರಲಿಲ್ಲ. ಅವರು ಕೇಳಿದ ಪ್ರಶ್ನೆಗಳು ಬಹಳ ಸರಳ: ಹೊರಗೆ ಊಟಕ್ಕೋ ಆಟ ನೋಡಲಿಕ್ಕೋ ಹೋಗುತ್ತೀರಾ, ಒಂದೆರಡು ದಿನ ಊರಿಗೆ ಹೋಗಿ ಬರುತ್ತೀರಾ, ಯಾವುದಾದರೂ ಸೇವೆ ಮಾಡುತ್ತೀರಾ, ನೆಂಟರ-ಗೆಳೆಯರ ಮನೆಗೆ ಹೋಗುತ್ತೀರಾ, ಸಂಘ-ಗುಂಪುಗಳಲ್ಲಿ ಇದ್ದೀರಾ, ದೇವರ ಕಾರ್ಯಕ್ಕೆ ಹೋಗುತ್ತೀರಾ. 2024ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಜನರಲ್ಲಿ ಹೆಚ್ಚು ಬೆರೆತವರಿಗೆ ಡಿಮೆನ್ಶಿಯಾ ಬರುವ ಅಪಾಯ 38 ಪ್ರತಿಶತ ಕಡಿಮೆ. ಅತಿ ಕಡಿಮೆ ಬೆರೆತವರಿಗಿಂತ ಅತಿ ಹೆಚ್ಚು ಬೆರೆತವರಲ್ಲಿ ಕಾಯಿಲೆ ಸುಮಾರು ಐದು ವರ್ಷ ತಡವಾಗಿ ಕಾಣಿಸಿತು.

ಐದು ವರ್ಷ! ಎಪ್ಪತ್ತೈದರ ಮನುಷ್ಯನಿಗೆ ಐದು ವರ್ಷ ಎಂದರೆ ಮೊಮ್ಮಗಳ ಮದುವೆಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯುವುದು.

ಮೈ ಚೆನ್ನಾಗಿದ್ದವರೇ ಹೊರಗೆ ಹೋಗುತ್ತಾರೆ, ಅದಕ್ಕೇ ಅವರ ಲೆಕ್ಕ ಚೆನ್ನಾಗಿ ಕಾಣುತ್ತದೆ ಎಂದು ನೀವು ಹೇಳಬಹುದು. ಅದರಲ್ಲೂ ಸ್ವಲ್ಪ ನಿಜ ಇದೆ, ಸಂಶೋಧಕರೂ ಅದನ್ನು ಒಪ್ಪುತ್ತಾರೆ. ಆದರೆ ಕಟ್ಟೆಯ ಮೇಲೆ ಏನು ನಡೆಯುತ್ತದೆ ಎಂದು ಒಮ್ಮೆ ನೋಡಿ. ಒಬ್ಬರು 1983ರ ವಿಶ್ವಕಪ್ ಮಾತು ತೆಗೆದರೆ ಇನ್ನೊಬ್ಬರು ಸ್ಕೋರು ನೆನಪಿಸಿಕೊಳ್ಳಬೇಕು. ಮೂರನೆಯವರು ಅದು ತಪ್ಪು ಎನ್ನುತ್ತಾರೆ, ಅದಕ್ಕೆ ಉತ್ತರ ಹುಡುಕಬೇಕು. ಇನ್ನೊಬ್ಬರ ಮಾತು ಮುಗಿಯುವವರೆಗೆ ತನ್ನ ಮಾತು ಹಿಡಿದಿಟ್ಟುಕೊಳ್ಳಬೇಕು. ತಲೆಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಯಾವುದಿದೆ? ಟಿವಿ ಏನನ್ನೂ ಕೇಳುವುದಿಲ್ಲ, ಉತ್ತರಕ್ಕೂ ಕಾಯುವುದಿಲ್ಲ. ಕಟ್ಟೆಗೆ ಹೋಗಿ ಬರುವುದೇ ಅರ್ಧ ಕಿಲೋಮೀಟರ್ ನಡಿಗೆ. ನಾಲ್ಕು ಜನರ ಮುಂದೆ ಹೋಗಬೇಕೆಂದರೆ ಸ್ನಾನ, ತೊಳೆದ ಬಟ್ಟೆ, ಹೊತ್ತಿಗೆ ಸರಿಯಾಗಿ ಊಟ ತಾನಾಗಿಯೇ ಬರುತ್ತವೆ. ಕಾಲು ಊದಿದ್ದು, ಮುಖ ಬಾಡಿದ್ದು ದಿನಾ ನೋಡುವವರ ಕಣ್ಣಿಗೆ ಬೇಗ ಬೀಳುತ್ತದೆ. ನಮ್ಮ ಕಟ್ಟೆಯ ಟೇಲರ್ ಕಾಕಾ ಒಂದು ದಿನ ಮಾತು ತೊದಲಿದರು, ಬಾಯಿ ಒಂದು ಕಡೆ ವಾಲಿತು. ಡ್ರೈವರ್ ಆಗಿದ್ದವರು ಅದನ್ನು ಗುರುತಿಸಿ ಆಗಲೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಪಾರ್ಶ್ವವಾಯು ಹೊಡೆದಾಗ ರಕ್ತದ ಗಡ್ಡೆ ಕರಗಿಸುವ ಔಷಧಿ ಕೊಡಲು ಸಿಗುವುದು ನಾಲ್ಕೂವರೆ ಗಂಟೆ ಮಾತ್ರ. ಕಾಕಾ ಮನೆಯಲ್ಲಿ ಒಬ್ಬರೇ ಮಲಗಿದ್ದರೆ ಆ ಹೊತ್ತು ಹಾಗೇ ಕಳೆದುಹೋಗುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದು ಗಂಡಸರ ಕಟ್ಟೆ. ಹೆಂಗಸರಿಗೆ ಕಟ್ಟೆ ಯಾವಾಗ ಇತ್ತು? ನಮ್ಮ ಅವ್ವಂದಿರಿಗೆ ಬಾವಿ ಇತ್ತು, ನಳ ಇತ್ತು, ಹಿಟ್ಟಿನ ಗಿರಣಿಯ ಪಾಳಿ ಇತ್ತು. ಹಪ್ಪಳ-ಸಂಡಿಗೆಗೆ ನಾಲ್ಕು ಮನೆಯವರು ಸೇರುತ್ತಿದ್ದರು. ಅದೆಲ್ಲ ದುಡಿಮೆಯ ಕಷ್ಟ, ಅದು ಹೋದದ್ದು ಒಳ್ಳೆಯದೇ. ನೀರಿಗಾಗಿ ಮತ್ತೆ ಕೊಡ ಹಿಡಿದು ನಿಲ್ಲಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆ ಕೆಲಸದ ಜೊತೆಗೆ ಇದ್ದ ಮಾತೂ ಹೋಯಿತು. ಅದರ ಜಾಗಕ್ಕೆ ಬೇರೆ ಏನೂ ಬರಲಿಲ್ಲ. ಗುಡಿಯ ಭಜನೆ, ಶ್ರಾವಣದ ಪುರಾಣ, ಮಠದ ಅಕ್ಕನ ಬಳಗ ಇವೆ. ಶ್ರಾವಣ ಮುಗಿದ ಮೇಲೆ?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಓಣಿಯ ಐದು ಜನ ಹೆಂಗಸರು ಬುತ್ತಿ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದರು. ಆಮೇಲೆ ಗದಗಿನ ತ್ರಿಕೂಟೇಶ್ವರ, ಆಮೇಲೆ ಶಿರಹಟ್ಟಿ. ಅದರಲ್ಲಿ ಇಬ್ಬರು ಗಂಡ ತೀರಿದ ಮೇಲೆ ಹೊಸ್ತಿಲು ದಾಟಿದ್ದೇ ಕಡಿಮೆ. ಬಸ್ ಫ್ರೀ ಆದದ್ದನ್ನು ಬೈಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಶಿಕಾಗೋದ ಪ್ರಶ್ನೆಪತ್ರಿಕೆಯಲ್ಲಿ ಊರಿಗೆ ಹೋಗಿ ಬರುವುದಕ್ಕೂ ಅಂಕ ಇದೆ.

ಒಂದು ಮಾತು ಬಿಚ್ಚಿ ಹೇಳಲೇಬೇಕು. ವಯಸ್ಸಾದ ಹೆಂಗಸರು ಮನೆಯಲ್ಲೇ ಉಳಿಯಲು ದೊಡ್ಡ ಕಾರಣ ಶೌಚಾಲಯ. ಸಕ್ಕರೆ ಕಾಯಿಲೆ ಇದ್ದವರಿಗೆ, ಬಿಪಿಗೆ ನೀರಿನ ಗುಳಿಗೆ ನುಂಗುವವರಿಗೆ ತಾಸಿಗೊಮ್ಮೆ ಹೋಗಬೇಕಾಗುತ್ತದೆ. ಹೊರಗೆ ಜಾಗ ಇಲ್ಲ ಎಂದರೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಗುಳಿಗೆಯನ್ನೂ ಬಿಡುತ್ತಾರೆ. ಇಲ್ಲವೇ, ನಾನು ಬರುವುದಿಲ್ಲ ಎನ್ನುತ್ತಾರೆ. ಸೊಸೆಯ ಮುಂದೆ, ಮಗನ ಮುಂದೆ ಈ ಕಾರಣ ಯಾರೂ ಹೇಳುವುದಿಲ್ಲ. ಮೊಣಕಾಲು ನೋವು ಎನ್ನುತ್ತಾರೆ. ಉಣಕಲ್ ಕೆರೆ ಎಷ್ಟು ಚೆಂದ, ನೃಪತುಂಗ ಬೆಟ್ಟದ ಗಾಳಿ ಎಷ್ಟು ಹಿತ. ಅದು ನಮಗೂ ಬೇಕು. ಆದರೆ ಹೊರಡುವ ಮೊದಲು ನಮ್ಮ ತಲೆಯಲ್ಲಿ ಬರುವ ಮೊದಲ ಪ್ರಶ್ನೆ ಇದೇ.

ಇನ್ನು ಧಾರವಾಡದ ಮಾತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಸಂಜೆಯ ಕಾರ್ಯಕ್ರಮಕ್ಕೆ ಹೋದರೆ ಬಹಳಷ್ಟು ಕುರ್ಚಿಗಳಲ್ಲಿ ನೆರೆತ ತಲೆಗಳೇ ಕಾಣುತ್ತವೆ. "ಬರೇ ಮುದುಕರೇ ಇದ್ದಾರಲ್ಲ" ಎಂದು ಒಬ್ಬ ಹುಡುಗ ನನ್ನ ಹಿಂದೆಯೇ ಅಂದ. ನನಗೆ ಅದು ಬೇಸರದ ವಿಷಯವಾಗಿ ಕಾಣಲಿಲ್ಲ. ಎಂಬತ್ತರ ಹಿರಿಯರು ಮಾಳಮಡ್ಡಿಯಿಂದ ನಡೆದು ಬಂದು, ಭಾಷಣ ಕೇಳಿ, ಹೊರಗೆ ಮೆಟ್ಟಿಲ ಮೇಲೆ ಅರ್ಧ ತಾಸು ವಾದ ಮಾಡಿ ಮನೆಗೆ ಹೋಗುತ್ತಾರೆ. 130 ವರ್ಷ ದಾಟಿದ ಒಂದು ಸಂಸ್ಥೆ ಊರಿನ ಹಿರಿಯರಿಗೆ ಇಷ್ಟು ಕೊಡುತ್ತಿದೆ. ಅಂಥ ಸಂಜೆ ಹಳೇ ಹುಬ್ಬಳ್ಳಿಯ ನೇಕಾರ ಓಣಿಗೂ ಬೇಕು. ಸಾಹಿತ್ಯವೇ ಆಗಬೇಕಿಲ್ಲ. ಭಜನೆ, ಕೇರಂ, ಚೌಕಾಬಾರ, ಬೀಸುವ ಪದ ಏನಾದರೂ ಆದೀತು.

ಈಗ ನಾನು ಕೇಳುವುದು. ವಾರ್ಡ್ ಸದಸ್ಯರೇ, ಹೊಸ ಕಟ್ಟಡ ನಾವು ಕೇಳುತ್ತಿಲ್ಲ. ನಿಮ್ಮ ವಾರ್ಡಿನಲ್ಲಿ ಸಮುದಾಯ ಭವನ ಇದ್ದರೆ, ಮದುವೆ-ಸೀಮಂತ ಇಲ್ಲದ ದಿನ ಅದರ ಒಂದು ಕೋಣೆಯನ್ನು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹಿರಿಯರಿಗೆ ಬಿಡಿಸಿ. ಒಂದು ಪೇಪರು, ಒಂದು ಕೊಡ ನೀರು, ಬೆನ್ನಿಗೆ ಆಸರೆ ಇರುವ ಹತ್ತು ಕುರ್ಚಿ, ಕೀಲಿ ಹಾಕದ ಶೌಚಾಲಯ. ಬಡಾವಣೆಯ ಉದ್ಯಾನಗಳ ಗೇಟು ಮಧ್ಯಾಹ್ನವೂ ತೆರೆದಿರಲಿ. ವಾಕಿಂಗ್ ಮಾಡುವವರು ಬೆಳಿಗ್ಗೆ-ಸಂಜೆ ಬರುತ್ತಾರೆ, ಆದರೆ ಒಬ್ಬರೇ ಇರುವವರಿಗೆ ದಾಟಲಾಗದ ಹೊತ್ತು ಮಧ್ಯಾಹ್ನ ಹನ್ನೊಂದರಿಂದ ನಾಲ್ಕು. ಎಲ್ಲಾದರೂ ರಸ್ತೆಗಾಗಿ, ಗಟಾರಿಗಾಗಿ ಕಟ್ಟೆ ತೆಗೆಯಲೇಬೇಕಾದರೆ, ಅದೇ ಅಂದಾಜುಪಟ್ಟಿಯಲ್ಲಿ ಹತ್ತಿರದಲ್ಲೇ ಇನ್ನೊಂದು ಕಟ್ಟೆಗೂ ದುಡ್ಡು ಬರೆಯಿರಿ. ನೆರಳು ಇರಲಿ. ಎತ್ತರ ಒಂದೂವರೆ ಅಡಿ ಇರಲಿ, ಕೆಳಗಿದ್ದರೆ ಏಳಲು ಆಗುವುದಿಲ್ಲ.

ಕಿವಿಯ ವಿಷಯ ಮರೆಯಬೇಡಿ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಶಿಯಾಕ್ಕೆ ನಾವು ಸರಿಪಡಿಸಬಹುದಾದ 14 ಕಾರಣಗಳನ್ನು ಗುರುತಿಸಿತು. ಅದರಲ್ಲಿ ಕಿವಿ ಮಂದವಾಗುವುದೂ ಇದೆ, ಜನರಿಂದ ದೂರವಾಗುವುದೂ ಇದೆ. ನಮ್ಮ ಮನೆಯಲ್ಲಿ ಎರಡೂ ಕೈ ಹಿಡಿದುಕೊಂಡೇ ಬಂದವು. ಬಡ ಹಿರಿಯರಿಗೆ ಕಿವಿ ಮಷೀನು, ಕನ್ನಡಕ, ಊರುಗೋಲು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ನಮ್ಮ ಓಣಿಯಲ್ಲಿ ಕೇಳಿದರೆ ಹೆಸರು ಕೇಳಿದವರೇ ಇಲ್ಲ. ತಪಾಸಣಾ ಶಿಬಿರ ಮಾಡುವಾಗ ಹಿರಿಯರು ಕೂಡುವ ಜಾಗಕ್ಕೇ ಬಂದು ಮಾಡಿ.

ನಮ್ಮಿಂದ ಕೆಲಸವನ್ನೂ ತಗೊಳ್ಳಿ. ಜಿಂಬಾಬ್ವೆ ದೇಶದ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಓಣಿಯ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಮನಸ್ಸು ಭಾರವಾದವರು ಬಂದು ಅಜ್ಜಿಯ ಹತ್ತಿರ ಹೇಳಿಕೊಳ್ಳುತ್ತಾರೆ. ಹತ್ತು ವರ್ಷದ ಮೇಲೆ ಪರೀಕ್ಷೆ ಮಾಡಿ ನೋಡಿದಾಗ, ಆ ಬೆಂಚಿಗೆ ಬಂದವರ ಖಿನ್ನತೆ ಮಾಮೂಲಿ ಆರೈಕೆ ಪಡೆದವರಿಗಿಂತ ಚೆನ್ನಾಗಿ ಕಡಿಮೆಯಾಗಿತ್ತು. ನಮ್ಮ ಅಜ್ಜಿಯರಿಗೆ ಏನು ಕಡಿಮೆ? ನಾನು ಶನಿವಾರ ಸಮೀಪದ ಶಾಲೆಗೆ ಹೋಗಿ ಮಕ್ಕಳಿಗೆ ಕಥೆ ಹೇಳುತ್ತೇನೆ. ಆ ದಿನ ನನ್ನ ನಡಿಗೆಯೇ ಬೇರೆ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ.

ಮಕ್ಕಳೇ, ನಿಮಗೂ ಎರಡು ಮಾತು. "ಆರಾಮ ಮನಿಯಾಗ ಇರ್ರಿ" ಎನ್ನಬೇಡಿ. "ಇವತ್ತ ಯಾರನ್ನ ಭೆಟ್ಟಿ ಆದ್ರಿ?" ಎಂದು ಕೇಳಿ. ಅವ್ವನನ್ನು ಬೆಂಗಳೂರಿಗೋ ಪುಣೆಗೋ ಕರೆದುಕೊಂಡು ಹೋಗಿ ಒಂಬತ್ತನೇ ಮಹಡಿಯಲ್ಲಿ ಇಟ್ಟರೆ ಊಟ-ಔಷಧಿ ಸರಿ ಹೋಗುತ್ತದೆ, ಮಾತಾಡಲು ಯಾರಿದ್ದಾರೆ ಎಂದೂ ನೋಡಿ. ಇಲ್ಲಿ ಒಬ್ಬರೇ ಇರುವವರಿಗೆ 14567 ಹಿರಿಯರ ಸಹಾಯವಾಣಿಯ ನಂಬರು ಫೋನಿನಲ್ಲಿ ಸೇವ್ ಮಾಡಿಕೊಡಿ, ಅದಕ್ಕೆ ದುಡ್ಡು ಬೀಳುವುದಿಲ್ಲ. ಆಟೋದ ದುಡ್ಡಿಗೆ ಲೆಕ್ಕ ಹಾಕಬೇಡಿ. ನಮ್ಮ ಮನೆಯವರು ಗೆಳೆಯರ ಕಂಪೌಂಡಿಗೆ ಹೋಗಿ ಬರಲು ದಿನಕ್ಕೆ ಅರವತ್ತು ರೂಪಾಯಿ ಆಗುತ್ತದೆ. ಔಷಧಿ ಅಂಗಡಿಯ ಬಿಲ್ಲಿನ ಪಕ್ಕದಲ್ಲಿ ಇಟ್ಟು ನೋಡಿದ್ದೇನೆ, ಏನೂ ಅಲ್ಲ.

ನಾವು ಹೆಂಗಸರು ಈಗ ವಾರಕ್ಕೆ ಮೂರು ದಿನ ಮಧ್ಯಾಹ್ನ ಮೂರಕ್ಕೆ ಒಬ್ಬರ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಕೂಡುತ್ತೇವೆ. ಒಂಬತ್ತು ಜನ ಇದ್ದೇವೆ. ಅತ್ಯಂತ ಹಿರಿಯರಿಗೆ 86. ಕಾರು ಬಂದ ಕೂಡಲೇ ಏಳಬೇಕು, ಆರಕ್ಕೆ ಬರುತ್ತದೆ. ನಮ್ಮ ವಾರ್ಡಿನ ಸದಸ್ಯರು ಒಂದು ದಿನ ಬಂದು ನಮ್ಮ ಜೊತೆ ಅರ್ಧ ತಾಸು ಕೂಡಲಿ. ಹಾರ-ತುರಾಯಿ, ಭಾಷಣ ಬೇಡ. ಗಿರಮಿಟ್ಟು, ಚಹಾ ನಮ್ಮದೇ. ಸಮುದಾಯ ಭವನದ ಕೀಲಿ ಯಾರ ಹತ್ತಿರ ಇರುತ್ತದೆ ಎಂಬುದನ್ನು ಮಾತ್ರ ಬರುವಾಗ ಕೇಳಿಕೊಂಡು ಬನ್ನಿ.

ಇಂತಿ,
ನಿವೃತ್ತ ಶಾಲಾ ಶಿಕ್ಷಕಿ,
ಹುಬ್ಬಳ್ಳಿ